ಗೋದಾಮು ಸುಟ್ಟ ಮೇಲೆ: ಸಣ್ಣ ಚಿತ್ರ ವಿತರಕರ ಪ್ರಶ್ನೋತ್ತರ

ನಿರ್ವಾಹಕ: ವಿತರಕರ ಸ್ಟಾಕು, ಹಕ್ಕು, ವಿಮಾ ಕ್ಲೇಮುಗಳನ್ನು ನೋಡಿಕೊಳ್ಳುವ ಸಲಹೆಗಾರ್ತಿ ಇವತ್ತು ನಮ್ಮ ಜೊತೆಗಿದ್ದಾರೆ. ಬೆಂಕಿ, ನೀರು, ಕಳವು, ಯಾವುದರಿಂದ ಸರಕು ಹೋಗಿದ್ದರೂ ಕೇಳಿ.

ಡಿಸ್ಕ್ ಡಬ್ಬಿ: ಮೇಡಂ, ನಮ್ಮ 22 ಚಿತ್ರಗಳ ಡಿವಿಡಿ, ಬ್ಲೂ-ರೇ ಸೇರಿ ಸುಮಾರು 9,000 ಪ್ರತಿ ಬಾಡಿಗೆ ಗೋದಾಮಿನಲ್ಲಿದ್ದವು. ಬೆಂಕಿಗೆ ಪೂರ್ತಿ ಹೋದವು. ಅದರಲ್ಲಿ 6 ಚಿತ್ರಗಳ ಹಕ್ಕು ಇನ್ನು 7 ತಿಂಗಳಿಗೆ ಮುಗಿಯುತ್ತೆ. ಎಲ್ಲವನ್ನೂ ತಕ್ಷಣ ಮತ್ತೆ ಒತ್ತಿಸಬೇಕಾ?

ಸಲಹೆಗಾರ್ತಿ: ಬೇಡ, ಈ ವಾರ ಒಂದೂ ಆರ್ಡರ್ ಕೊಡಬೇಡಿ. ಮೊದಲು ವಿಮಾ ಕಂಪನಿಗೆ ಬರಹದಲ್ಲಿ ತಿಳಿಸಿ. ಗೋದಾಮಿನವರಿಂದ ಬೆಂಕಿಗೆ ಹಿಂದಿನ ದಿನದ ಸ್ಟಾಕು ಪಟ್ಟಿಯನ್ನು ಚಿತ್ರವಾರು ತರಿಸಿಕೊಳ್ಳಿ. ಒತ್ತಿಸಿದ ಬಿಲ್ಲುಗಳಿಂದ ಮಾರಾಟ ಕಳೆದು, ಅಂಗಡಿಗಳಿಂದ ವಾಪಸ್ ಬಂದದ್ದನ್ನು ಕೂಡಿಸಿ ಅದಕ್ಕೆ ತಾಳೆ ನೋಡಿ. ಲೆಕ್ಕ ತಪ್ಪುವುದು ಹೆಚ್ಚಾಗಿ ಈ ವಾಪಸಾತಿಯಲ್ಲೇ: ಪೆಟ್ಟಿಗೆ ಒಳಗೆ ಬಂದಿರುತ್ತದೆ, ಎಣಿಕೆ ಆಗಿರುವುದಿಲ್ಲ.

ಒತ್ತುವ ಘಟಕಕ್ಕೆ ಎರಡು ಪ್ರಶ್ನೆ ಕಳಿಸಿ. ಸ್ಟ್ಯಾಂಪರ್, ಅಂದರೆ ಡಿಸ್ಕು ಒತ್ತುವ ಅಚ್ಚು, ಉಳಿದಿದೆಯಾ? ಮಾಸ್ಟರ್ ಇಮೇಜ್, ಅಂದರೆ ಡಿಸ್ಕಿನ ಮೂಲ ಡಿಜಿಟಲ್ ಫೈಲು, ಇದೆಯಾ? ಸ್ಟ್ಯಾಂಪರ್ ಎಸೆದಿದ್ದರೆ ಇಮೇಜಿನಿಂದ ಹೊಸದು ಮಾಡಿಸಬೇಕು, ಆ ಖರ್ಚು ಬೇರೆ. ಎಲ್ಲರೂ ಮರೆಯುವುದು ಕವರು. ಮುದ್ರಿಸಿಟ್ಟ ಕವರು, ಕಿರುಪುಸ್ತಿಕೆ ಕೂಡ ಅದೇ ಗೋದಾಮಿನಲ್ಲಿದ್ದು ಸುಟ್ಟಿರುತ್ತವೆ. ಡಿಸ್ಕು ಬೇಗ ಬಂದು, ಕವರಿಗಾಗಿ ವಾರಗಟ್ಟಲೆ ಕಾಯುತ್ತಾ ಬಿದ್ದಿರುತ್ತದೆ. ಕಿರುಪುಸ್ತಿಕೆಯ ಲೇಖನವನ್ನು ಒಂದೇ ಮುದ್ರಣಕ್ಕೆ ಅಂತ ಬರೆಸಿಕೊಂಡಿದ್ದರೆ ಮತ್ತೆ ಅನುಮತಿ ಕೇಳಬೇಕು.

ನನಗೆ ಆತಂಕ ಇರುವುದು ಆ 6 ಚಿತ್ರಗಳದ್ದು. ಅವಧಿ ಮುಗಿದ ಮೇಲೆ ಉಳಿದ ಪ್ರತಿ ಮಾರಿಕೊಳ್ಳಲು ಒಪ್ಪಂದದಲ್ಲಿ ಕೆಲವು ತಿಂಗಳು ಕೊಟ್ಟಿರುತ್ತಾರೆ. ಆದರೆ ಕೊನೆಯ ತಿಂಗಳುಗಳಲ್ಲಿ ಹೊಸದಾಗಿ ಒತ್ತಿಸಬಾರದು ಎನ್ನುವ ಸಾಲೂ ಅಲ್ಲೇ ಪಕ್ಕದಲ್ಲಿ ಇರಬಹುದು. ಅದನ್ನು ನೋಡದೆ 500 ಪ್ರತಿ ಒತ್ತಿಸಿದರೆ ಅವು ಅಕ್ರಮ ಪ್ರತಿಗಳಾಗುತ್ತವೆ. ಬೆಂಕಿಯಂಥ ಕೈಮೀರಿದ ಘಟನೆಗೆ ಅಂತ ಒಪ್ಪಂದದಲ್ಲಿ ಬರೆದ ದೈವಾಧೀನ ಕಲಮು ಇದೆ ಅಂತ ನಂಬಿ ಕೂರಬೇಡಿ. ತಡವಾದದ್ದಕ್ಕೆ ಅದು ಮಾಫಿ ಕೊಡುತ್ತದೆ; ಸ್ಪಷ್ಟವಾಗಿ ಬರೆದಿರದಿದ್ದರೆ ಅವಧಿಯನ್ನು ತಾನಾಗಿ ಹಿಗ್ಗಿಸುವುದಿಲ್ಲ. ಹಕ್ಕುದಾರರಿಗೆ ಇವತ್ತೇ ಬರೆದು ವಿಸ್ತರಣೆ ಕೇಳಿ. ಮಾರಾಟ ನಿಂತರೆ ಅವರ ರಾಯಲ್ಟಿಯೂ ನಿಲ್ಲುತ್ತದೆ, ಆದ್ದರಿಂದ ಕೇಳಲು ಸಂಕೋಚ ಬೇಡ.

ಇನ್ನೊಂದು ವಿಷಯ. ಒಪ್ಪಂದದಲ್ಲಿ 'ಆದಾಯ' ಎಂಬುದರ ಅರ್ಥ ಓದಿ. ವಿಮಾ ಹಣವನ್ನೂ ಅದರೊಳಗೆ ಸೇರಿಸಿದ್ದರೆ ಹಕ್ಕುದಾರರು ಪಾಲು ಕೇಳಬಹುದು. ನಿಮಗೆ ಬರುವುದು ಒತ್ತಿಸಿದ ಖರ್ಚು ಮಾತ್ರ, ಅದು ಮಾರಾಟವಲ್ಲ. ಹಣ ಕೈಗೆ ಬರುವ ಮೊದಲೇ ಇದನ್ನು ಪತ್ರದಲ್ಲಿ ಇತ್ಯರ್ಥ ಮಾಡಿಕೊಳ್ಳಿ.

ಇದೆಲ್ಲ ಆದ ಮೇಲೆ ಒತ್ತಿಸುವಾಗ, ಅಂಗಡಿಗಳ ಆರ್ಡರ್ ಕೈಯಲ್ಲಿರುವ ಚಿತ್ರ ಮೊದಲು. ವರ್ಷಕ್ಕೆ ಮೂವತ್ತು ನಲವತ್ತು ಪ್ರತಿ ಹೋಗುವಂಥದ್ದು ಕೊನೆಗೆ.

ಹಳೇ ಶಟರ್: ಪಾಲಿಸಿಯನ್ನ ಮಾರಾಟ ಬೆಲೆಗೇ ಮಾಡಿಸಿದ್ರೆ ಈ ಗೋಳೇ ಇರಲ್ಲ.

ಲೆಕ್ಕದ ವಹಿ: ಪ್ರೀಮಿಯಂ ಜಾಸ್ತಿ ಕಟ್ತೀರಿ, ಬರೋದು ಖರ್ಚಿನ ಬೆಲೆಯೇ. ಪಾಲಿಸಿಯಲ್ಲಿ ಮಾರಾಟ ಬೆಲೆ ಅಂತ ಬರೆದಿದ್ರೆ ಮಾತ್ರ ಬೇರೆ.

ಹಳೇ ಶಟರ್: ನೀವು ಏಜೆಂಟರಾ?

ಸಲಹೆಗಾರ್ತಿ: ವಹಿಯವರು ಹೇಳಿದ್ದು ಸರಿ. ಕಡಿಮೆ ಮೊತ್ತಕ್ಕೆ ಮಾಡಿಸಿದರೂ ಪೆಟ್ಟು ಬೀಳುತ್ತದೆ. ಸ್ಟಾಕಿನ ಬೆಲೆ 100 ಇದ್ದು 60ಕ್ಕೆ ವಿಮೆ ಇಳಿಸಿದ್ದರೆ, 50ರಷ್ಟು ಸುಟ್ಟಾಗ ಅದೇ ಅನುಪಾತದಲ್ಲಿ ಸಿಗುವುದು 30.

ರೀಲು ಪೆಟ್ಟಿಗೆ: 35 ಎಂಎಂ ಪ್ರಿಂಟಿನ 6 ರೀಲು ನೀರಲ್ಲಿ ನೆನೆದಿವೆ. ಬಿಚ್ಚಿ ಬಿಸಿಲಿಗೆ ಹಾಕಿ ಅಂತ ಒಂದು ಫಾರ್ವರ್ಡ್ ಬಂದಿದೆ.

ಸಲಹೆಗಾರ್ತಿ: ಹಾಕಬೇಡಿ. ಚಿತ್ರ ಇರುವ ಪದರ ಜೆಲಾಟಿನ್. ನೆನೆದಾಗ ಉಬ್ಬಿ ಮೆತ್ತಗಾಗುತ್ತದೆ, ಸುತ್ತಿದಲ್ಲೇ ಒಣಗಿದರೆ ಸುತ್ತಿಗೆ ಸುತ್ತು ಅಂಟಿ ಹೋಗುತ್ತದೆ, ಬಿಡಿಸುವಾಗ ಚಿತ್ರವೇ ಕಿತ್ತು ಬರುತ್ತದೆ. ಒಣಗಲು ಬಿಡಬಾರದು. ಪ್ಲಾಸ್ಟಿಕ್ ತೊಟ್ಟಿಯಲ್ಲಿ ಶುದ್ಧ ತಣ್ಣೀರಿಗೆ ಮುಳುಗಿಸಿ, ನೀರು ಬದಲಾಯಿಸುತ್ತಿರಿ, ಎರಡು ದಿನದೊಳಗೆ ಫಿಲ್ಮ್ ಲ್ಯಾಬಿಗೆ ಮುಟ್ಟಿಸಿ. ಅಲ್ಲಿ ಯಂತ್ರದಲ್ಲಿ ತೊಳೆದು ಒಣಗಿಸುತ್ತಾರೆ. ಡಬ್ಬಿಯ ಚೀಟಿ ಕಳಚುತ್ತದೆ, ರೀಲಿನ ಸಂಖ್ಯೆ ಬೇರೆ ಬರೆದಿಟ್ಟುಕೊಳ್ಳಿ.

ಪರದೆ ಪಕ್ಕ: ಥಿಯೇಟರಿಗೆ ಚಿತ್ರ ಕಳಿಸೋ ಡಿಸಿಪಿ ಹಾರ್ಡ್ ಡ್ರೈವ್ ನೆನೆದಿದೆ, ಅಕ್ಕಿಯಲ್ಲಿ ಇಡಬಹುದಾ?

ಸಲಹೆಗಾರ್ತಿ: ಇಲ್ಲ. ಕರೆಂಟ್ ಕೊಡಬೇಡಿ. ಒಣಗಿಸಬೇಡಿ, ಒಳಗಿನ ಕೆಸರು ತಟ್ಟೆಗೆ ಹಿಡಿದುಬಿಡುತ್ತದೆ. ಗಾಳಿಯಾಡದ ಚೀಲದಲ್ಲಿ ಕಟ್ಟಿ ಡೇಟಾ ರಿಕವರಿಯವರಿಗೆ ಕೊಡಿ. ಬೇರೆ ಪ್ರತಿ ಇದ್ದರೆ ಅದೂ ಬೇಡ. ಡಿಸಿಪಿಯೊಳಗಿನ ಫೈಲುಗಳ ಪಟ್ಟಿಯಾದ ಪಿಕೆಎಲ್‌ನಲ್ಲಿ ಪ್ರತಿ ಫೈಲಿಗೂ ಹ್ಯಾಶ್, ಅಂದರೆ ಫೈಲು ಕೆಟ್ಟಿಲ್ಲವೆಂದು ತಿಳಿಯುವ ಗುರುತು, ಇರುತ್ತದೆ; ಆ ಪ್ರತಿಯನ್ನು ಅದರ ಜೊತೆ ತಾಳೆ ನೋಡಿ ಹೊಸ ಡ್ರೈವಿಗೆ ಇಳಿಸಿ.

ಬಾಲ್ಕನಿ ಸೀಟು: ಡಿಸ್ಕಿನ ಮಸಿಗೆ ಥಿನ್ನರ್ ಒಳ್ಳೇದಂತೆ, ವಿಡಿಯೋ ಹಾಕಿದ್ದೀನಿ ನೋಡಿ.

ಸಲಹೆಗಾರ್ತಿ: ಆ ವಿಡಿಯೋ ತೆಗೆಯಿರಿ. ಡಿಸ್ಕು ಪಾಲಿಕಾರ್ಬೊನೇಟ್. ಥಿನ್ನರ್, ಅಸಿಟೋನ್ ತಾಗಿದರೆ ಮಬ್ಬಾಗಿ ಬಿರುಕು ಬಿಡುತ್ತದೆ. ಅಲ್ಲದೆ ನಷ್ಟ ಅಳೆಯಲು ವಿಮಾ ಕಂಪನಿ ಕಳಿಸುವ ಸರ್ವೇಯರ್ ನೋಡುವ ಮೊದಲು ತೊಳೆಯುವುದು, ಎಸೆಯುವುದು ಎರಡೂ ಕ್ಲೇಮಿಗೆ ಹಾನಿ. ಹಣ ಕೊಟ್ಟ ಮೇಲೆ ಅರೆಸುಟ್ಟ ಸರಕನ್ನು ವಿಮಾ ಕಂಪನಿ ಗುಜರಿಗೆ ಮಾರಬಹುದು, ಅದೇ ಡಿಸ್ಕು ಮಾರುಕಟ್ಟೆಗೆ ಬರಬಹುದು. ಪುಡಿ ಮಾಡಿಸಿ ಪ್ರಮಾಣಪತ್ರ ಕೊಡಬೇಕು ಅಂತ ಮೊದಲೇ ಬರೆಸಿಕೊಳ್ಳಿ.

ಹಳೇ ಶಟರ್: ಎಲ್ಲಾ ಒಂದೇ ಗೋದಾಮಲ್ಲಿ ಇಟ್ಟಿದ್ದೇ ತಪ್ಪು.

ಲೆಕ್ಕದ ವಹಿ: ಸಣ್ಣವರಿಗೆ ಸ್ವಂತ ಗೋದಾಮು ಎಲ್ಲಿಂದ ಬರಬೇಕು? 2011ರ ಆಗಸ್ಟ್ 8ರ ರಾತ್ರಿ, ಗಲಭೆ ವೇಳೆ ಲಂಡನ್ನಿನ ಎನ್‌ಫೀಲ್ಡ್‌ನಲ್ಲಿ ಸೋನಿ ಡಿಎಡಿಸಿ ಗೋದಾಮು ಸುಟ್ಟಾಗ ಬಿಎಫ್‌ಐ, ಡಾಗ್‌ವೂಫ್, ಆರ್ಟಿಫಿಷಿಯಲ್ ಐ, ಈ ಚಿತ್ರ ವಿತರಕರೆಲ್ಲರ ಸರಕೂ ಅದರಲ್ಲೇ ಇತ್ತು. ಅವರೆಲ್ಲಾ ಮೂರ್ಖರಾ?

ಹಳೇ ಶಟರ್: ಹಂಗೆ ನಾನು ಹೇಳಿಲ್ಲ. ಗೋದಾಮಿನವರೇ ಕಟ್ಟಿಕೊಡಲಿ.

ಲೆಕ್ಕದ ವಹಿ: ಅವರ ಕರಾರು ಓದಿದ್ದೀರಾ? ಅವರ ಹೊಣೆಗೆ ಮಿತಿ ಹಾಕಿರ್ತಾರೆ, ಎಷ್ಟೋ ಕರಾರಲ್ಲಿ ಸರಕಿನ ವಿಮೆ ಮಾಲೀಕರದ್ದೇ ಜವಾಬ್ದಾರಿ. ಓದದೆ ಮಾತಾಡೋದು ನಿಲ್ಲಿಸಿ.

ನಿರ್ವಾಹಕ: ಇಬ್ಬರೂ ಇಲ್ಲಿಗೆ ಬಿಡಿ.

ಸಲಹೆಗಾರ್ತಿ: ಚಿತ್ರಕ್ಕೆ 50 ಪ್ರತಿ ಬೇರೆ ಊರಲ್ಲಿ, ಮಾಸ್ಟರ್ ಮತ್ತು ಕವರ್ ಫೈಲು ಮೂರನೇ ಕಡೆ. ಇಷ್ಟಕ್ಕೆ ಒಂದು ಕಪಾಟು ಸಾಕು.

ಸಂಜೆ ಆಟ: ಹಕ್ಕಿಗೆ ಕೊಟ್ಟ ಮುಂಗಡ ಇನ್ನೂ ವಸೂಲಾಗಿಲ್ಲ. ಅದನ್ನೂ ಕ್ಲೇಮ್ ಮಾಡಬಹುದಾ?

ಸಲಹೆಗಾರ್ತಿ: ಸ್ಟಾಕು ಪಾಲಿಸಿಯಲ್ಲಿ ಇಲ್ಲ. ಮುಂಗಡ ಸರಕಲ್ಲ.

ಬಾಲ್ಕನಿ ಸೀಟು: ಅಕ್ಕಿ ಬೇಡ ಅಂದ್ರೆ ಸಿಲಿಕಾ ಜೆಲ್?

ಸಲಹೆಗಾರ್ತಿ: ಮೇಲಿನ ಉತ್ತರ ಓದಿ.

ಗೇಟ್ ಪಾಸು: ಸಾಗಣೆಯಲ್ಲಿ 400 ಪ್ರತಿ ಕಳುವಾಗಿದೆ. ಯಾರ ವಿಮೆಗೆ ಬರುತ್ತೆ?

ಗೇಟ್ ಪಾಸು: ಯಾರಾದ್ರೂ?

ಡಿಸ್ಕ್ ಡಬ್ಬಿ: ಮೇಡಂ, ಘಟಕದಿಂದ ಉತ್ತರ ಬಂತು. 14 ಚಿತ್ರಗಳ ಸ್ಟ್ಯಾಂಪರ್ ಇದೆ. ಕವರ್ ಫೈಲು ಅದರಲ್ಲಿ 9ಕ್ಕೆ ಮಾತ್ರ.

ಸಲಹೆಗಾರ್ತಿ: ಆ 9ರಲ್ಲಿ ಹಕ್ಕು ಒಂದು ವರ್ಷಕ್ಕಿಂತ ಹೆಚ್ಚು ಉಳಿದಿರುವುದು ಯಾವುವು, ಕಳಿಸಿ. ಮಿಕ್ಕ 5ರ ಫೈಲಿಗೆ ವಿನ್ಯಾಸಕಾರರನ್ನು ಇವತ್ತೇ ಕೇಳಿ.