ಸಹಾಯ ಬೇಕು: ಬಳ್ಳಾರಿ ಬಿಸಿಲಿಗೆ ಅನಲಾಗ್ ಸಿಂಥ್ ತಡೆಯುತ್ತಾ?

ಎಲ್ಲರಿಗೂ ನಮಸ್ಕಾರ. ನಮ್ಮದು ಬಳ್ಳಾರಿ. ಕೊರ್ಗ್ ಕಂಪನಿಯ ಸಿಂಥ್‌ಗಳೆಂದರೆ ನನಗೆ ಪ್ರಾಣ; ಸಿಂಥ್ ಅಂದರೆ ಸಿಂಥಸೈಜರ್, ವಿದ್ಯುತ್ತಿನಿಂದ ನಾದ ಹುಟ್ಟಿಸುವ ಕೀಬೋರ್ಡ್ ವಾದ್ಯ. 2019ರಲ್ಲಿ ಬಂದ ಮಿನಿಲಾಗ್ ಎಕ್ಸ್‌ಡಿ ಕೊಳ್ಳಲು ದುಡ್ಡು ಕೂಡಿಡುತ್ತಿದ್ದೇನೆ. ಒಟ್ಟಿಗೆ ನಾಲ್ಕು ಸ್ವರ ನುಡಿಸಬಹುದು, ಪ್ರತಿ ಸ್ವರಕ್ಕೂ ಎರಡು ಅನಲಾಗ್ ಆಸಿಲೇಟರ್, ಅಂದರೆ ನಾದ ಹುಟ್ಟಿಸುವ ಸರ್ಕ್ಯೂಟ್. ಆದರೆ ನನ್ನ ಆಸೆಗೆ ನಿಜವಾದ ಕಾರಣ ಮೈಕ್ರೋಟ್ಯೂನಿಂಗ್, ಅಂದರೆ ಸ್ವರಗಳ ಶ್ರುತಿಯನ್ನು ಕೂದಲೆಳೆಯಷ್ಟು ಏರಿಸಿ ಇಳಿಸುವ ಸೌಲಭ್ಯ. ಹಿಂದೂಸ್ತಾನಿ ತೋಡಿ ರಾಗದ ಕೋಮಲ ಗಾಂಧಾರವನ್ನು ಇನ್ನೂ ಸ್ವಲ್ಪ ಇಳಿಸಿ ಕೂರಿಸಬಹುದು. ಸಾಮಾನ್ಯ ಕೀಬೋರ್ಡ್‌ನಲ್ಲಿ ಆ ಸುಖ ಎಲ್ಲಿ ಸಿಗುತ್ತದೆ?

ಚಿಂತೆ ಬಿಸಿಲಿನದ್ದು. ಅನಲಾಗ್ ಆಸಿಲೇಟರ್ ಕಾವು ಏರಿಳಿದಂತೆ ಶ್ರುತಿ ಜಾರುತ್ತದೆ. ಇಲ್ಲಿ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ, ಮನೆಯಲ್ಲಿ ಎಸಿ ಇಲ್ಲ. ರಾಯಚೂರು, ಕೊಪ್ಪಳ, ಹೊಸಪೇಟೆ ಕಡೆ ಯಾರಾದರೂ ಇದನ್ನು ಬಳಸುತ್ತಿದ್ದೀರಾ? ಮೇ ತಿಂಗಳಲ್ಲಿ ಎಷ್ಟು ಸಲ ಟ್ಯೂನ್ ಮಾಡಬೇಕಾಗುತ್ತದೆ? ಕೊಳ್ಳುವ ಮೊದಲು ಒಮ್ಮೆ ನುಡಿಸಿ ನೋಡಲು ಬಿಡುವುದಾದರೆ, ನೀವು ಹೇಳಿದ ಊರಿಗೆ ನಾನೇ ಬರುತ್ತೇನೆ. ದಯವಿಟ್ಟು ತಿಳಿಸಿ.