ಹಳೇ ಫ್ರಿಜ್‌ಗೆ ಸ್ಪ್ರೇ ಪೇಂಟ್: ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಅಮ್ಮ ಬಳಸುತ್ತಿದ್ದ ಫ್ರಿಜ್ ಈಗ ನನ್ನ ಹತ್ತಿರ ಇದೆ. ಕೂಲಿಂಗ್ ಚೆನ್ನಾಗಿದೆ, ಆದರೆ ಬಿಳಿ ಬಣ್ಣ ಹಳದಿ ತಿರುಗಿದೆ, ಬಾಗಿಲಿನ ಕೆಳಗಡೆ ತುಕ್ಕು ಹಿಡಿದಿದೆ. ಎಸೆಯಲು ಮನಸ್ಸಿಲ್ಲ, ನಾನೇ ಬಣ್ಣ ಹೊಡೆಯಬೇಕೆಂದಿದ್ದೇನೆ.

ಪ್ಲಗ್ ತೆಗೆದು, ಸೋಪಿನ ನೀರಲ್ಲಿ ಜಿಡ್ಡು ತೊಳೆದು, 400 ನಂಬರಿನ ಉಪ್ಪುಕಾಗದದಿಂದ ಉಜ್ಜಿದ್ದೇನೆ. ಹ್ಯಾಂಡಲ್ ಬಿಚ್ಚಿಟ್ಟಿದ್ದೇನೆ, ಬಾಗಿಲ ರಬ್ಬರಿಗೆ ಟೇಪ್ ಸುತ್ತಿದ್ದೇನೆ. ಉಪಕರಣಗಳಿಗೆಂದೇ ಬರುವ ಎಪಾಕ್ಸಿ (ಗಟ್ಟಿಯಾಗಿ ಅಂಟಿಕೊಳ್ಳುವ ಬಣ್ಣ) ಸ್ಪ್ರೇ ತಂದಿದ್ದೇನೆ.

ಮೊದಲು ಒಂದು ತಗಡಿನ ಚೂರಿನ ಮೇಲೆ ಹೊಡೆದು ನೋಡಿದೆ. ಒಂದೇ ಸಲ ದಪ್ಪಗೆ ಹೊಡೆದದ್ದರಿಂದ ಬಣ್ಣ ಸೋರಿ ಗೆರೆ ಬಿತ್ತು. ಆಮೇಲೆ ಸುಮಾರು 25 ಸೆಂ.ಮೀ. ದೂರದಿಂದ ತೆಳುವಾಗಿ ಹೊಡೆದಾಗ ಎಷ್ಟೋ ವಾಸಿ.

ಗೊತ್ತಿದ್ದವರು ದಯವಿಟ್ಟು ತಿಳಿಸಿ: ತುಕ್ಕು ಕೆರೆದು ಲೋಹ ಕಾಣುವ ಜಾಗಕ್ಕೆ ಮಾತ್ರ ಪ್ರೈಮರ್ (ಬಣ್ಣಕ್ಕೆ ಮೊದಲು ಹೊಡೆಯುವ ತಳಪದರ) ಸಾಕೇ, ಇಡೀ ಬಾಗಿಲಿಗೂ ಬೇಕೇ? ಫ್ರಿಜ್ ಓಡುವಾಗ ಅದರ ಎರಡೂ ಪಕ್ಕಗಳು ಬೆಚ್ಚಗಾಗುತ್ತವೆ, ಅಲ್ಲಿ ಬಣ್ಣ ನಿಲ್ಲುತ್ತದೆಯೇ? ಎಷ್ಟು ದಿನ ಒಣಗಲು ಬಿಡಬೇಕು?

ಒಳಗಡೆ ಬಣ್ಣ ಹೊಡೆಯುವುದಿಲ್ಲ, ಅಲ್ಲಿ ಊಟದ ಸಾಮಾನು ಇಡುತ್ತೇವೆ. ಸ್ಪ್ರೇಗೆ ಬೇಗ ಬೆಂಕಿ ಹತ್ತುತ್ತದೆ ಎಂದು ಒಲೆಯಿಂದ ದೂರ, ಹೊರಗಡೆಯೇ ಮಾಡುತ್ತಿದ್ದೇನೆ. ಸ್ವತಃ ಮಾಡಿದವರು ಫೋಟೋ ಹಾಕಿದರೆ ತುಂಬಾ ಉಪಕಾರವಾಗುತ್ತದೆ.