ಸಹಾಯ ಬೇಕು: ಬೊನೇರ್‌ನಲ್ಲಿ ಡೈವ್ ಮಾಡುವಾಗ ಗಾಡಿ ಕೀ ಎಲ್ಲಿಡೋದು?

ಎಲ್ಲರಿಗೂ ನಮಸ್ಕಾರ. ನಾವು ನಾಲ್ವರು ಕೆರಿಬಿಯನ್‌ನ, ನೆದರ್‌ಲ್ಯಾಂಡ್ಸ್‌ಗೆ ಸೇರಿದ ಬೊನೇರ್ ದ್ವೀಪಕ್ಕೆ ಸ್ಕೂಬಾ ಡೈವಿಂಗ್‌ಗೆ ಹೊರಟಿದ್ದೇವೆ. ಅಲ್ಲಿ ದೋಣಿ ಬೇಕಂತಿಲ್ಲ. ಬಾಡಿಗೆ ಪಿಕಪ್ ತಗೊಂಡು, ಜಾಗದ ಹೆಸರು ಬರೆದ ಹಳದಿ ಕಲ್ಲು ಕಂಡಲ್ಲಿ ನಿಲ್ಲಿಸಿ, ದಡದಿಂದಲೇ ನೀರಿಗಿಳಿಯಬಹುದು. ಇಳಿದವರು ಮುಕ್ಕಾಲು ಗಂಟೆಯವರೆಗೆ ನೀರಿನಿಂದ ಮೇಲೆ ಬರೋದಿಲ್ಲ ಅನ್ನೋದು ಕಳ್ಳರಿಗೂ ಗೊತ್ತು. ಅದಕ್ಕೇ ಗಾಡಿ ಲಾಕ್ ಮಾಡದೆ, ಕಿಟಕಿ ಇಳಿಸಿ, ಒಳಗೆ ಏನೂ ಇಡದೆ ಹೋಗೋದು ಅಲ್ಲಿನ ರೂಢಿ. ಲಾಕ್ ಮಾಡಿದರೆ ಗಾಜು ಒಡೀತಾರೆ, ಅದರ ಖರ್ಚು ನಮ್ಮ ತಲೆಗೆ. ಪಾಸ್‌ಪೋರ್ಟ್, ಫೋನ್ ರೂಮಿನ ಲಾಕರ್‌ನಲ್ಲಿ. ಗಾಡಿಯಲ್ಲಿ ಹಳೇ ಟವೆಲ್, ನೀರಿನ ಬಾಟಲಿ ಅಷ್ಟೇ.

ತೊಡಕಿರೋದು ಕೀಯದ್ದು. ಬರೀ ಲೋಹದ ಕೀ ಆದರೆ ಬಿಸಿಡಿಯ (ಡೈವ್ ಮಾಡೋರು ತೊಡೋ, ಗಾಳಿ ತುಂಬೋ ಜಾಕೆಟ್) ಡಿ-ರಿಂಗ್ ಅನ್ನೋ ಕೊಂಡಿಗೆ ಕ್ಲಿಪ್ ಹಾಕಿದರೆ ಸಾಕು. ರಿಮೋಟ್ ಕೀಗೆ ಉಪ್ಪುನೀರು ತಾಗಿದರೆ ಕತೆ ಮುಗೀತು. ಮೊಬೈಲಿನ ಪ್ಲಾಸ್ಟಿಕ್ ಪೌಚ್ ನಂಬೋಹಾಗಿಲ್ಲ, 18 ಮೀಟರ್ ಆಳದಲ್ಲಿ ಒತ್ತಡ ಸುಮಾರು 2.8 ಬಾರ್, ಅಂದರೆ ನೀರಿನ ಮೇಲಿರೋದರ ಹತ್ತಿರ ಮೂರು ಪಟ್ಟು. ಓ-ರಿಂಗ್ (ನೀರು ತಡೆಯೋ ರಬ್ಬರ್ ಬಳೆ) ಇರುವ ಡಬ್ಬಿಯಲ್ಲೂ ಒಂದು ಕೂದಲೋ ಮರಳಿನ ಕಣವೋ ಸಿಕ್ಕಿಕೊಂಡರೆ ನೀರು ಜಿನುಗುತ್ತೆ.

40 ಮೀಟರ್‌ವರೆಗೆ ತಡೆಯೋ ಸಣ್ಣ ಡಬ್ಬಿ ಬೆಂಗಳೂರಲ್ಲಿ ಎಲ್ಲಿ ಸಿಗುತ್ತೆ? ರಿಮೋಟ್ ಇಲ್ಲದ ಕೀ ಬೇಕು ಅಂತ ಬುಕಿಂಗ್ ಮಾಡುವಾಗಲೇ ಕೇಳಿದರೆ ಕೊಡ್ತಾರಾ? ಲಾಕ್ ಮಾಡದ ಗಾಡಿಯಿಂದ ಕಳುವಾದದ್ದಕ್ಕೆ, ಪೊಲೀಸ್ ವರದಿ ಇಟ್ಟು, ಟ್ರಾವೆಲ್ ಇನ್ಶೂರೆನ್ಸ್ ಕ್ಲೇಮ್ ಯಾರಿಗಾದರೂ ಸಿಕ್ಕಿದೆಯಾ? ಅಲ್ಲಿಗೆ ಹೋಗಿಬಂದವರು, ಅದರಲ್ಲೂ ನೆದರ್‌ಲ್ಯಾಂಡ್ಸ್‌ನಲ್ಲಿರೋ ಕನ್ನಡಿಗರು, ದಯವಿಟ್ಟು ತಿಳಿಸಿ.